ಕಲ್ಲೊಡನ್ನಿನಿಂದ ಶ್ರೀರಂಗಪಟ್ಟಣಕ್ಕೆ

ಮೈಸೂರಿನಲ್ಲಿ ಮನೆ ಮಾಡಿಕೊಂಡಿರುವವರಿಗೆಲ್ಲ ಒಂದು ಋಣವಿದೆ. ಊರಿಗೆ ಬಂದ ನೆಂಟರನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ ತೋರಿಸುವ ಋಣ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮ ಮನೆಯಲ್ಲಿ ಈ ಹೊಣೆ ಪೂರ್ತಿಯಾಗಿ ನನ್ನ ಪಾಲಿಗೆ ಬಂದಿದೆ. ರಂಗನಾಥಸ್ವಾಮಿಯ ದರ್ಶನ, ಟಿಪ್ಪು ಬಿದ್ದ ಜಾಗ, ಬಂದೀಖಾನೆ, ಗುಂಬಜ್, ಕೊನೆಗೆ ದರಿಯಾ ದೌಲತ್. ಹೇಳಿ ಹೇಳಿ ನನ್ನ ವಿವರಣೆ ಪುರೋಹಿತರ ಸಂಕಲ್ಪದಂತೆ ಬಾಯಿಪಾಠವಾಗಿದೆ. ದರಿಯಾ ದೌಲತ್ತಿನ ಪಡುವಣ ಗೋಡೆಯ ದೊಡ್ಡ ಚಿತ್ರದ ಮುಂದೆ ನಿಂತು, "ಇದು ೧೭೮೦ರ ಪೊಳ್ಳಿಲೂರು ಯುದ್ಧ. ಇವನು ಹೈದರ್, ಇವನು ಟಿಪ್ಪು. ಪಲ್ಲಕ್ಕಿಯಲ್ಲಿ ಕುಳಿತಿರುವವನು ಕರ್ನಲ್ ಬೇಲಿ. ಈ ಕೆಂಪಂಗಿಯವರೆಲ್ಲ ಇಂಗ್ಲಿಷರು" ಎಂದು ಮುಗಿಸುತ್ತಿದ್ದೆ. ಆಮೇಲೆ ಎಲ್ಲರೂ ಕಬ್ಬಿನ ಹಾಲು ಕುಡಿಯಲು ಹೊರಡುವುದು.

ಈ ಕೊನೆಯ ವಾಕ್ಯವನ್ನು ನಾನು ಈಗ ಹೇಳುವುದಿಲ್ಲ. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಇದನ್ನು ನನಗೆ ಕಲಿಸಿಕೊಟ್ಟದ್ದು ಒಂದು ಪ್ರಣಯ ಕಾದಂಬರಿ ಎಂದರೆ ಓದುಗರು ನಗಬಹುದು. ನಾನೂ ಮೊದಲು ನಕ್ಕವನೇ.

ಬೆಂಗಳೂರಿನಲ್ಲಿರುವ ನಮ್ಮ ಮಗಳು ಮನೆ ಬದಲಾಯಿಸುವಾಗ ಒಂದು ರಟ್ಟಿನ ಪೆಟ್ಟಿಗೆಯನ್ನು ತಂದು ನಮ್ಮಲ್ಲಿ ಇಟ್ಟಳು. "ಜಾಗ ಇಲ್ಲಪ್ಪ, ಎರಡು ತಿಂಗಳು ಇರಲಿ" ಎಂದಳು. ಎರಡು ತಿಂಗಳು ಎರಡು ವರ್ಷವಾಯಿತು. ಮಳೆಗಾಲದ ಒಂದು ಸಂಜೆ ಪೆಟ್ಟಿಗೆಗೆ ಗೆದ್ದಲು ಹಿಡಿದಿದೆಯೋ ಏನೋ ಎಂದು ಬಿಚ್ಚಿ ನೋಡಿದರೆ ಒಳಗೆ ಇಟ್ಟಿಗೆಗಳಂತೆ ಜೋಡಿಸಿದ ಪುಸ್ತಕಗಳು. ಎಲ್ಲವೂ ಒಬ್ಬಳೇ ಲೇಖಕಿಯವು, ಒಂದೇ ಕಥೆಯ ಮುಂದುವರಿಕೆ. ಡಯಾನಾ ಗ್ಯಾಬಲ್ಡನ್ ಎಂಬಾಕೆಯ 'ಔಟ್‌ಲ್ಯಾಂಡರ್' ಮಾಲೆ. ಮೊದಲನೆಯದು ೧೯೯೧ರಲ್ಲಿ ಬಂದದ್ದು, ಒಂಬತ್ತನೆಯದು ೨೦೨೧ರಲ್ಲಿ. ಒಂದು ಕಥೆ ಹೇಳಲು ಮೂವತ್ತು ವರ್ಷ! ಹಿಂದಿನ ರಟ್ಟಿನ ಮೇಲಿನ ಸಾರಾಂಶ ಓದಿದೆ. ಎರಡನೆಯ ಮಹಾಯುದ್ಧದಲ್ಲಿ ದಾದಿಯಾಗಿದ್ದ ಕ್ಲೇರ್ ಎಂಬ ಆಂಗ್ಲ ಹೆಣ್ಣುಮಗಳು ೧೯೪೫ರಲ್ಲಿ ಗಂಡನೊಡನೆ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿಗೆ ವಿಹಾರಕ್ಕೆ ಹೋಗುತ್ತಾಳೆ. ಅಲ್ಲಿಯ ಬೆಟ್ಟದ ಮೇಲೆ ವೃತ್ತಾಕಾರವಾಗಿ ನಿಲ್ಲಿಸಿದ ಪುರಾತನ ಶಿಲೆಗಳ ನಡುವೆ ಹೊಕ್ಕು ೧೭೪೩ನೆಯ ಇಸವಿಯಲ್ಲಿ ಹೊರಬೀಳುತ್ತಾಳೆ. ಜೇಮಿ ಫ್ರೇಸರ್ ಎಂಬ ಮಲೆನಾಡಿನ ಯುವಕನನ್ನು ಮದುವೆಯಾಗುತ್ತಾಳೆ. ಗಳಗನಾಥರಿಂದ ಹಿಡಿದು ತ. ರಾ. ಸು. ಅವರವರೆಗೆ ಐತಿಹಾಸಿಕ ಕಾದಂಬರಿಗಳನ್ನು ಓದಿ ಬೆಳೆದ ನನಗೆ ಇದು ಕಾಗಕ್ಕ ಗುಬ್ಬಕ್ಕನ ಕಥೆಯಾಗಿ ಕಂಡಿತು. ಕರೆಂಟು ಹೋಗಿತ್ತು, ಟೆಲಿವಿಷನ್ ಇರಲಿಲ್ಲ. ಹತ್ತು ಪುಟ ನೋಡೋಣವೆಂದು ಎಮರ್ಜೆನ್ಸಿ ದೀಪದ ಕೆಳಗೆ ಕುಳಿತೆ. ಊಟಕ್ಕೆ ಮೂರು ಸಲ ಕರೆಸಿಕೊಂಡು ಎದ್ದೆ.

ನನ್ನನ್ನು ಹಿಡಿದದ್ದು ಪ್ರಣಯವಲ್ಲ. ಕ್ಲೇರಳ ಸಂಕಟ ನನ್ನನ್ನು ಹಿಡಿಯಿತು. ಆಕೆಯ ಗಂಡ ಇತಿಹಾಸದ ವಿದ್ವಾಂಸ. ಅವನ ಬಾಯಿಂದ ಕೇಳಿ ಕೇಳಿ ಆಕೆಗೆ ಮುಂದೆ ಆಗುವುದೆಲ್ಲ ಗೊತ್ತು. ತನಗೆ ಅನ್ನ ಹಾಕಿದ, ತನ್ನೊಡನೆ ನಕ್ಕ ಈ ಜನವೆಲ್ಲ ಮೂರು ವರ್ಷದಲ್ಲಿ ಕಲ್ಲೊಡನ್ ಎಂಬ ಬಯಲಿನಲ್ಲಿ ಹೆಣವಾಗಿ ಬೀಳುತ್ತಾರೆಂದು ಆಕೆ ಬಲ್ಲಳು. ಎರಡನೆಯ ಸಂಪುಟವೆಲ್ಲ ಅದನ್ನು ತಪ್ಪಿಸಲು ಗಂಡಹೆಂಡಿರು ಪ್ಯಾರಿಸ್ಸಿನವರೆಗೆ ಹೋಗಿ ಪಡುವ ಪಾಡು. ತಪ್ಪಿಸಲಾಗುವುದಿಲ್ಲ. ತಪ್ಪಿಸಲಾಗುವುದಿಲ್ಲವೆಂದು ಓದುವ ನಮಗೂ ಗೊತ್ತು; ಕಲ್ಲೊಡನ್ ನಡೆದುಹೋಗಿದೆಯಲ್ಲ! ಆದರೂ ಪುಟ ತಿರುವುವಾಗ ಎದೆ ಡವಗುಟ್ಟುತ್ತದೆ.

ನನಗೆ ನಮ್ಮ ಅಜ್ಜಿಯ ನೆನಪಾಯಿತು. ಊರಿನ ದೇವಸ್ಥಾನದಲ್ಲಿ ಗಮಕಿಗಳು ಕುಮಾರವ್ಯಾಸನನ್ನು ಓದುತ್ತಿದ್ದಾಗ ಅಭಿಮನ್ಯು ಚಕ್ರವ್ಯೂಹ ಹೊಗುವ ದಿನ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು "ಬೇಡ ಕಣೋ ಮಗು, ಬೇಡ" ಎನ್ನುತ್ತಿದ್ದರು. ಆ ಕಥೆಯನ್ನು ಅವರು ಮೂವತ್ತು ಸಲವಾದರೂ ಕೇಳಿದ್ದರು. ಹುಡುಗ ಹಿಂತಿರುಗುವುದಿಲ್ಲವೆಂದು ಅವರಿಗೆ ಗೊತ್ತಿಲ್ಲದೆ ಇತ್ತೆ? ಬೇಡವೆನ್ನದೆ ಇರಲು ಅವರಿಂದ ಆಗುತ್ತಿರಲಿಲ್ಲ, ಅಷ್ಟೆ. ಇತಿಹಾಸವನ್ನು ಓದುವವನ ಸ್ಥಿತಿಯೂ ಇದೇ. ಇಸವಿ ಗೊತ್ತು, ಸತ್ತವರ ಲೆಕ್ಕ ಗೊತ್ತು. ಒಂದು ಮಾತು ಕೂಗಿ ಹೇಳಲು ಮಾತ್ರ ದಾರಿಯಿಲ್ಲ. ಗ್ಯಾಬಲ್ಡನ್ ಮಾಡಿದ್ದಿಷ್ಟೆ: ಓದುಗನೊಬ್ಬನನ್ನು ಎತ್ತಿ ಬಯಲಿನ ಒಳಗೇ ನಿಲ್ಲಿಸಿದಳು. ಕಾಲಯಂತ್ರದ ಗಾಲಿ ಕೀಲುಗಳನ್ನು ವರ್ಣಿಸುವ ಗೋಜಿಗೆ ಆಕೆ ಹೋಗಲಿಲ್ಲ. ಸ್ವತಃ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಅಮೆರಿಕದ ಅರಿಝೋನಾದಲ್ಲಿ ವಿಶ್ವವಿದ್ಯಾನಿಲಯದ ಕೆಲಸದಲ್ಲಿದ್ದವಳು. ೧೯೮೮ರಲ್ಲಿ, ಕಾದಂಬರಿ ಬರೆಯುವುದು ಹೇಗೆಂದು ಕಲಿಯುವುದಕ್ಕಾಗಿ, ಯಾರಿಗೂ ತೋರಿಸುವ ಉದ್ದೇಶವಿಲ್ಲದೆ ಬರೆಯತೊಡಗಿದಳಂತೆ. ಟೆಲಿವಿಷನ್ನಿನ ಹಳೆಯ ಕಾಲಪ್ರವಾಸದ ಧಾರಾವಾಹಿಯೊಂದರಲ್ಲಿ ಕಿಲ್ಟು ತೊಟ್ಟ ಸ್ಕಾಟ್ ಹುಡುಗನನ್ನು ಕಂಡದ್ದೇ ನೆಪ. ಆಗ ಆಕೆ ಸ್ಕಾಟ್ಲೆಂಡನ್ನು ಕಣ್ಣಿನಿಂದ ಕಂಡಿರಲೂ ಇಲ್ಲ. ಕಂಡದ್ದೆಲ್ಲ ಪುಸ್ತಕ ಭಂಡಾರದಲ್ಲಿ.

ಕಾದಂಬರಿಯನ್ನು ಬದಿಗಿಟ್ಟು ನಿಜವಾದ ಕಲ್ಲೊಡನ್ನನ್ನು ಹುಡುಕಿಕೊಂಡು ಹೋದೆ. ೧೬೮೮ರಲ್ಲಿ ಸಿಂಹಾಸನ ಕಳೆದುಕೊಂಡ ಸ್ಟೂವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ೧೭೪೫ರಲ್ಲಿ ಸ್ಕಾಟ್ಲೆಂಡಿಗೆ ಬಂದಿಳಿದು, ಅಜ್ಜನ ರಾಜ್ಯವನ್ನು ತಂದೆಗೆ ಮರಳಿ ಗಳಿಸಿಕೊಡುವೆನೆಂದು ಮಲೆನಾಡಿನ ಕುಲಗಳನ್ನು ಕೂಡಿಸಿದ. ಇಂಗ್ಲೆಂಡಿನ ಡರ್ಬಿಯವರೆಗೆ ಮುನ್ನುಗ್ಗಿ, ಅಲ್ಲಿಂದ ಹಿಂತಿರುಗಿತು ಅವನ ದಂಡು. ೧೭೪೬ರ ಏಪ್ರಿಲ್ ೧೬ರಂದು ಇನ್ವರ್ನೆಸ್ಸಿನ ಹತ್ತಿರದ ಜೌಗು ಬಯಲಿನಲ್ಲಿ ರಾಜನ ಮಗ ಕಂಬರ್‌ಲೆಂಡಿನ ಡ್ಯೂಕನ ಸೈನ್ಯವನ್ನು ಎದುರಿಸಿತು. ಇಬ್ಬರು ರಾಜಕುಮಾರರಿಗೂ ವಯಸ್ಸು ಇಪ್ಪತ್ತೈದರ ಆಸುಪಾಸು. ಮಲೆನಾಡಿನವರು ಹಿಂದಿನ ರಾತ್ರಿಯೆಲ್ಲ ಶತ್ರುವಿನ ಪಾಳೆಯದ ಮೇಲೆ ಬೀಳಲೆಂದು ಕತ್ತಲಲ್ಲಿ ನಡೆದು, ತಲುಪಲಾರದೆ ಬೆಳಗಿನ ಜಾವ ಹಿಂತಿರುಗಿದ್ದರು; ಹೊಟ್ಟೆಗಿಲ್ಲ, ಕಣ್ಣಿಗೆ ನಿದ್ದೆಯಿಲ್ಲ. ಕತ್ತಿ ಹಿಡಿದು ಫಿರಂಗಿಗಳಿಗೆ ಎದುರಾಗಿ ಓಡಿದರು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಅವರಲ್ಲಿ ಸತ್ತವರು ಸುಮಾರು ೧,೫೦೦. ರಾಜನ ಕಡೆ ಸತ್ತವರ ಲೆಕ್ಕ ಐವತ್ತರ ಸುಮಾರು. ಗಾಯಗೊಂಡು ಬಿದ್ದವರನ್ನೂ ಉಳಿಸಲಿಲ್ಲ. ಇದನ್ನು ಸ್ಕಾಟರಿಗೂ ಇಂಗ್ಲಿಷರಿಗೂ ನಡೆದ ಯುದ್ಧವೆಂದು ಹೇಳುವುದುಂಟು. ರಾಜನ ದಂಡಿನಲ್ಲೂ ಸ್ಕಾಟರಿದ್ದರೆಂಬುದನ್ನು ಮರೆಯಬಾರದು.

ಆಮೇಲೆ ಬಂದದ್ದು ಕಾನೂನು. ಕುಲದ ಒಡೆಯರಿಗೆ ವಂಶಪಾರಂಪರ್ಯವಾಗಿ ಇದ್ದ ನ್ಯಾಯಾಧಿಕಾರ ಹೋಯಿತು. ಆಯುಧ ಹೋಯಿತು. ೧೭೪೭ರ ಆಗಸ್ಟಿನಿಂದ ಗಂಡಸರು, ಹುಡುಗರು ಮಲೆನಾಡಿನ ಉಡುಪು ತೊಡುವುದೇ ಅಪರಾಧವಾಯಿತು: ಮೊದಲ ಸಲಕ್ಕೆ ಆರು ತಿಂಗಳ ಸೆರೆ, ಎರಡನೆಯ ಸಲಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಮಾಲೆಯ ಮೂರನೆಯ ಕಾದಂಬರಿಯಲ್ಲಿ ಸೆರೆಮನೆಯಲ್ಲಿದ್ದ ಹುಡುಗನೊಬ್ಬನ ಬಳಿ ಚೌಕುಳಿ ಬಟ್ಟೆಯ ಒಂದು ಚೂರು ಸಿಕ್ಕುತ್ತದೆ. ಅದು ನನ್ನದೆಂದು ಜೇಮಿ ಮುಂದೆ ಬಂದು ಛಡಿಯೇಟು ತಿನ್ನುತ್ತಾನೆ. ಕಾನೂನಿನ ಒಕ್ಕಣೆಯನ್ನು ಇತಿಹಾಸದ ಪುಸ್ತಕದಲ್ಲಿ ಓದಿದಾಗ ನನಗೆ ಏನೂ ಆಗಿರಲಿಲ್ಲ. ಬಟ್ಟೆಯ ಚೂರಿನ ಪುಟವನ್ನು ಓದಿದ ರಾತ್ರಿ, ಬೀರುವಿನಲ್ಲಿ ಮಡಿಸಿಟ್ಟಿರುವ ನಮ್ಮ ತಂದೆಯವರ ಜರಿಯಂಚಿನ ಪಂಚೆ ನೆನಪಿಗೆ ಬಂತು. ಅದನ್ನು ಉಟ್ಟದ್ದಕ್ಕೆ ಯಾರಾದರೂ ಅವರನ್ನು ಜೈಲಿಗೆ ಹಾಕಿದ್ದರೆ?

ರಮ್ಯ ಕಥೆಗೆ ಈ ಶಕ್ತಿಯುಂಟು. ಅದರ ಅಪಾಯವೂ ಇಲ್ಲಿಯೇ ಇದೆ. ಕಲ್ಲೊಡನ್ನಿನ ಬಯಲಿನಲ್ಲಿ ೧೮೮೧ರಲ್ಲಿ ಆಯಾ ಕುಲದ ಹೆಸರು ಕೆತ್ತಿ ನೆಟ್ಟ ಗೋರಿಗಲ್ಲುಗಳಿವೆ. ಕಾದಂಬರಿ ೨೦೧೪ರಿಂದ ಟೆಲಿವಿಷನ್ ಧಾರಾವಾಹಿಯಾಗಿ ಬಂದ ಮೇಲೆ ಫ್ರೇಸರ್ ಕುಲದ ಕಲ್ಲಿನ ಬುಡಕ್ಕೆ ಎಷ್ಟು ಜನ ಹೂವಿಡಲು ಬಂದರೆಂದರೆ ಕಾಲ್ತುಳಿತಕ್ಕೆ ಹುಲ್ಲು ಸವೆದುಹೋಯಿತು. ಆ ಹೂವು ಬಂದದ್ದು ಹುಟ್ಟಿಯೇ ಇರದ ಜೇಮಿಗೆ. ಸಂದದ್ದು ನಿಜವಾಗಿ ಸತ್ತು ಹೆಸರಿಲ್ಲದೆ ಮಣ್ಣಾದ ಫ್ರೇಸರರಿಗೆ. ಇದನ್ನು ಅನ್ಯಾಯವೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ನಾವು ಯಾರಿಗೆ ಅಳುತ್ತಿದ್ದೇವೆ, ಅವರು ಆಮೇಲೆ ಏನಾದರು ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಅದನ್ನು ತಿಳಿಯಹೊರಟಾಗಲೇ ನನ್ನ ಕಾಲು ಜಾರಿದ್ದು.

ಕಥೆಯಲ್ಲಿ ಜೇಮಿಯ ಸೋದರಮಾವಂದಿರು ಲಿಯೋಖ್ ಎಂಬ ಕೋಟೆಯ ಮೆಕೆಂಝಿಗಳು. ಲಿಯೋಖ್ ಕಲ್ಪನೆ, ಆದರೆ ಲಿಯೋಡ್ ಎಂಬ ಕೋಟೆಮನೆ ಇನ್ವರ್ನೆಸ್ಸಿನ ಪಡುವಣಕ್ಕೆ ನಿಜವಾಗಿಯೂ ಇದೆ. ಅದು ಕ್ರೊಮಾರ್ಟಿಯ ಅರ್ಲ್‌ಗಳಾದ ಮೆಕೆಂಝಿಗಳ ಮನೆ. ಆ ಮನೆಯ ಹಿರಿಯ ಮಗ ಜಾನ್ ಮೆಕೆಂಝಿ, ಮೆಕ್ಲೌಡ್ ಪ್ರಭು ಎಂದು ಬಿರುದು. ಹದಿನೆಂಟು ಹತ್ತೊಂಬತ್ತರ ಹುಡುಗ. ತಂದೆಯೊಡನೆ ರಾಜಕುಮಾರ ಚಾರ್ಲ್ಸನ ಪಕ್ಷ ಹಿಡಿದು, ಕಲ್ಲೊಡನ್ ಯುದ್ಧದ ಹಿಂದಿನ ದಿನವೇ ಸೆರೆ ಸಿಕ್ಕಿದ. ತಂದೆಗೆ ಮರಣದಂಡನೆಯಾಗಿ, ಆಮೇಲೆ ತಲೆ ಉಳಿಯಿತು, ಆಸ್ತಿ ಉಳಿಯಲಿಲ್ಲ. ಮಗನಿಗೆ ಚಿಕ್ಕ ವಯಸ್ಸೆಂದು ಕ್ಷಮೆ ದೊರಕಿತು. ಅವನು ಸ್ವೀಡನ್ನಿನ ಸೈನ್ಯಕ್ಕೆ ಸೇರಿ ಅಲ್ಲಿಯೇ ಬಹುಕಾಲ ಕಳೆದ. ೧೭೭೭ರಲ್ಲಿ ಊರಿಗೆ ಬಂದು, ಯಾವ ರಾಜಮನೆತನದ ವಿರುದ್ಧ ಕತ್ತಿ ಹಿಡಿದಿದ್ದನೋ ಅದೇ ಮನೆತನದ ರಾಜನಿಗಾಗಿ ಒಂದು ಪಲ್ಟಣ ಕಟ್ಟಿಕೊಟ್ಟ. ಹೀಗೆ ಮಾಡಿದವನು ಅವನೊಬ್ಬನೇ ಅಲ್ಲ. ಕಾದಂಬರಿಯಲ್ಲಿ ಜೇಮಿಯ ಅಜ್ಜನಾಗಿ ಬರುವ ಲೊವಟ್ ಪ್ರಭು ನಿಜವಾದ ವ್ಯಕ್ತಿ; ೧೭೪೭ರಲ್ಲಿ ಲಂಡನ್ನಿನಲ್ಲಿ ಅವನ ತಲೆ ಕಡಿದರು. ಅವನ ಮಗ ಸೈಮನ್ ಫ್ರೇಸರ್ ಹತ್ತೇ ವರ್ಷದಲ್ಲಿ ರಾಜನಿಗಾಗಿ ಪಲ್ಟಣ ಕೂಡಿಸಿ ಕೆನಡಾಕ್ಕೆ ಹೋದ. ಕಳೆದುಕೊಂಡ ನೆಲ ಮರಳಿ ಬರಬೇಕಾದರೆ ಇದ್ದ ದಾರಿ ಅದೊಂದೇ ಎಂದು ಅವರಿಗೆ ಕಂಡಿರಬೇಕು. ಇಬ್ಬರಿಗೂ ನೆಲ ಮರಳಿ ಬಂತು.

ಮೆಕ್ಲೌಡನ ಪಲ್ಟಣಕ್ಕೆ ೭೩ನೆಯದೆಂದು ಸಂಖ್ಯೆ. ಸಾವಿರ ಚಿಲ್ಲರೆ ಜನರಲ್ಲಿ ಎಂಟುನೂರಕ್ಕೂ ಹೆಚ್ಚು ಮಂದಿ ಮಲೆನಾಡಿನವರು. ಗೇಲಿಕ್ ಮಾತಾಡುವ ಜನ. ಪಲ್ಟಣ ಹಡಗು ಹತ್ತಿತು. ೧೭೮೦ರ ಜನವರಿಯಲ್ಲಿ ಇಳಿದದ್ದು ಎಲ್ಲಿ? ಮದರಾಸಿನಲ್ಲಿ.

ಇಲ್ಲಿಗೆ ಬಂದಾಗ ನಾನು ಪುಸ್ತಕವನ್ನು ಮುಚ್ಚಿ ಎದ್ದು ಕುಳಿತೆ. ಮುಂದಿನದು ನನಗೆ ಬಾಯಿಪಾಠವಿತ್ತಲ್ಲ! ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಲಿಯ ದಂಡು ಆರ್ಕಾಟಿನ ಸೀಮೆಯಲ್ಲಿ ಹರಡಿಕೊಂಡಿತ್ತು. ಕರ್ನಲ್ ಬೇಲಿಯ ತುಕಡಿ ಕಾಂಚೀಪುರದಲ್ಲಿದ್ದ ಮನ್ರೋನ ಸೈನ್ಯವನ್ನು ಕೂಡಿಕೊಳ್ಳಲು ಬರುತ್ತಿತ್ತು. ಅದಕ್ಕೆ ಒತ್ತಾಸೆಯಾಗಿ ಮನ್ರೋ ಕಳುಹಿಸಿದವರಲ್ಲಿ ೭೩ನೆಯ ಪಲ್ಟಣದ ಎರಡು ಆಯ್ದ ತುಕಡಿಗಳಿದ್ದವು. ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಟಿಪ್ಪುವೂ ಹೈದರನೂ ಅವರನ್ನು ಸುತ್ತುಗಟ್ಟಿದರು. ಮದ್ದಿನ ಬಂಡಿಗಳು ಸಿಡಿದವು. ಕೆಲವೇ ಮೈಲಿ ದೂರದಲ್ಲಿದ್ದ ಮನ್ರೋ ಬಂದು ಸೇರಲಿಲ್ಲ. ಬದುಕುಳಿದು ಸೆರೆಸಿಕ್ಕ ಯೂರೋಪಿಯನ್ನರು ಸುಮಾರು ಇನ್ನೂರು. ಬೇಲಿಯೂ ಮಲೆನಾಡಿನವನೇ, ಇನ್ವರ್ನೆಸ್ಸಿನ ಹತ್ತಿರದ ಡುನೇನ್ ಮನೆತನದವನು. ಕ್ಲೇರ್ ವಿಹಾರಕ್ಕೆ ಹೋದ ಊರು ಬೇಲಿಯ ನೆರೆಯೂರು. ಆ ಊರಿನ ಬೆಟ್ಟದ ಮೇಲಿನ ಶಿಲೆಗಳ ನಡುವೆ ಹೊಕ್ಕವನು ನಾನು, ಹೊರಬಿದ್ದದ್ದು ನೆಂಟರಿಗೆ ತೋರಿಸುತ್ತಿದ್ದ ಗೋಡೆಯ ಮುಂದೆ!

ಇನ್ನೊಂದು ಇಸವಿ ನನ್ನನ್ನು ಬಹಳ ದಿನ ಕಾಡಿತು. ಮಲೆನಾಡಿನ ಉಡುಪಿನ ಮೇಲಿನ ನಿಷೇಧ ರಾಜನ ಸೈನ್ಯದಲ್ಲಿದ್ದವರಿಗೆ ಅನ್ವಯಿಸುತ್ತಿರಲಿಲ್ಲ. ಊರಿನಲ್ಲಿ ಅಪ್ಪ ಉಟ್ಟರೆ ಸೆರೆ; ಸಿಪಾಯಿಯಾದ ಮಗನಿಗೆ ಅದೇ ಉಡುಪು ಸರ್ಕಾರದ ಸಮವಸ್ತ್ರ. ತನ್ನ ಬಟ್ಟೆಯನ್ನು ತಾನು ತೊಡಬೇಕಾದರೆ ಗೆದ್ದವನ ಚಾಕರಿಗೆ ಸೇರಬೇಕು. ಈ ಕಾನೂನನ್ನು ರದ್ದುಮಾಡಿದ್ದು ೧೭೮೨ರ ಜುಲೈ ತಿಂಗಳಲ್ಲಿ. ಆಗ ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದ ಈ ಜನ ಶ್ರೀರಂಗಪಟ್ಟಣ, ಬೆಂಗಳೂರು ಮೊದಲಾದ ಕಡೆ ಸೆರೆಯಲ್ಲಿದ್ದರು. ಮೂವತ್ತೈದು ವರ್ಷದ ಅವಮಾನ ಮುಗಿದ ಸಮಾಚಾರ ಅವರಿಗೆ ಮುಟ್ಟುವ ಬಗೆ ಯಾವುದು? ಅದೇ ವರ್ಷ ನವೆಂಬರಿನಲ್ಲಿ ಬೇಲಿ ಸೆರೆಯಲ್ಲಿಯೇ ಸತ್ತ. ಉಳಿದವರ ಬಿಡುಗಡೆಯಾದದ್ದು ೧೭೮೪ರಲ್ಲಿ, ಮಂಗಳೂರಿನ ಒಪ್ಪಂದವಾದಾಗ. ಬೇಲಿಗೆ ೧೮೧೬ರಲ್ಲಿ ಅವನ ಅಣ್ಣತಮ್ಮಂದಿರ ಮಗ ಕಟ್ಟಿಸಿದ ಸ್ಮಾರಕ ಗುಂಬಜ್‌ನ ಬಳಿ ಇದೆ. ನೆಂಟರೊಡನೆ ಅದರ ಪಕ್ಕದಲ್ಲಿಯೇ ಎಷ್ಟೋ ಸಲ ಹಾದುಹೋಗಿದ್ದೇನೆ.

ಓದುಗರು ತಪ್ಪು ತಿಳಿಯಬಾರದು. ಹೈದರ್ ಟಿಪ್ಪುಗಳು ಸೋತವರ ಮಕ್ಕಳನ್ನು ಹಿಂಸಿಸಿದರೆಂದು ಹೇಳಲು ನಾನು ಹೊರಟಿಲ್ಲ. ಯಾರೂ ಆ ಮಲೆನಾಡಿಗರನ್ನು ಆರ್ಕಾಟಿನ ಸೀಮೆಗೆ ವೀಳ್ಯ ಕೊಟ್ಟು ಕರೆದಿರಲಿಲ್ಲ. ಅವರು ಬಂದದ್ದು ಇನ್ನೊಬ್ಬರ ನೆಲವನ್ನು ಗೆಲ್ಲಲು ಹೊರಟ ಕಂಪನಿಯ ಕೈಯಾಗಿ. ೭೩ನೆಯ ಪಲ್ಟಣದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಎಂಬವನು—ಇವನು ಸ್ಕಾಟ್ಲೆಂಡಿನ ಬಯಲುಸೀಮೆಯವನು—ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲಿ ಸೆರೆಯಿದ್ದು ಹೋದ. ೧೭೯೯ರ ಮೇ ೪ರಂದು ಕೋಟೆಯ ಒಡಕಿನೊಳಕ್ಕೆ ದಂಡನ್ನು ನುಗ್ಗಿಸಿದವನು ಅವನೇ. ಅಂದು ಸಂಜೆ ಟಿಪ್ಪುವಿನ ಶವ ಸಿಕ್ಕಿತು. ಅಂದು ರಾತ್ರಿ ಊರು ಲೂಟಿಯಾಯಿತು. ಕಲ್ಲೊಡನ್ನಿನ ಮರುದಿನ ಮಲೆನಾಡಿನ ಹೆಂಗಸರು ಕಂಡದ್ದನ್ನು ಆ ರಾತ್ರಿ ಪಟ್ಟಣದ ಹೆಂಗಸರು ಕಂಡಿರಬೇಕು. ಇದೇ ಮುತ್ತಿಗೆಯಲ್ಲಿ ಇನ್ನೊಬ್ಬ ಮೆಕೆಂಝಿ ಇದ್ದ. ಸ್ಕಾಟ್ಲೆಂಡಿನ ಪಡುವಣ ದ್ವೀಪವೊಂದರ ಸ್ಟೋರ್ನೊವೇ ಊರಿನ ಕಾಲಿನ್ ಮೆಕೆಂಝಿ. ಯುದ್ಧ ಮುಗಿದ ಮೇಲೆ ಅವನು ಮೈಸೂರು ಸೀಮೆಯನ್ನೆಲ್ಲ ಅಳೆದ. ತನ್ನ ಸಹಾಯಕರಾದ ಕಾವಲಿ ಸೋದರರು ಮೊದಲಾದವರ ಮೂಲಕ ಊರೂರಿನ ಕೈಫಿಯತ್ತು, ಶಾಸನಗಳನ್ನು ಸಂಗ್ರಹಿಸಿದ. ಅಳೆದದ್ದು ಆಳುವುದಕ್ಕೆ. ಆದರೂ ನಮ್ಮ ಎಷ್ಟೋ ಹಳ್ಳಿಗಳ ಹಳೆಯ ನೆನಪು ಉಳಿದಿರುವುದು ಅವನು ಕಟ್ಟಿಸಿಟ್ಟ ಕಾಗದಗಳಲ್ಲಿ. ಇವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವುದು ಹೇಗೆ?

ಕಾದಂಬರಿಯಲ್ಲಿ ಜೇಮಿ ತನ್ನ ಹೆಂಡತಿಯನ್ನು 'ಸ್ಯಾಸನಾಕ್' ಎಂದು ಕರೆಯುತ್ತಾನೆ. ಮಲೆನಾಡಿನವರ ಬಾಯಲ್ಲಿ ಅದಕ್ಕೆ ಇಂಗ್ಲಿಷರವಳು, ಹೊರಗಿನವಳು ಎಂದು ಅರ್ಥ. ಮೊದಲು ಅದು ಚುಚ್ಚುಮಾತು. ಕೊನೆಗೆ ಅದೇ ಮುದ್ದಿನ ಹೆಸರಾಗುತ್ತದೆ. ನಾವು 'ಪರಂಗಿ' ಎಂದು ಅವರನ್ನೆಲ್ಲ ಒಂದೇ ಮೂಟೆ ಕಟ್ಟಿದಂತೆ. ಗೋಡೆಯ ಮೇಲಿನ ಆ ಮಲೆನಾಡಿಗರಿಗೆ ನಾನು "ಇವರೆಲ್ಲ ಇಂಗ್ಲಿಷರು" ಎನ್ನುವುದು ಕೇಳಿಸಿದ್ದರೆ ಏನನ್ನಿಸುತ್ತಿತ್ತೋ! ಅವರ ಅಪ್ಪಂದಿರನ್ನು ಕೊಂದವರ ಹೆಸರನ್ನು ಅವರಿಗೇ ಇಟ್ಟಂತಾಗುತ್ತಿತ್ತು.

ಮೊನ್ನೆ ಮಗಳು ಊರಿಗೆ ಬಂದಿದ್ದಳು. ಪೆಟ್ಟಿಗೆ ಹಿಂದಕ್ಕೆ ಒಯ್ಯುವ ಮಾತೆತ್ತಿದಳು. ಆರನೆಯ ಸಂಪುಟದ ನಡುವಿನಲ್ಲಿದ್ದೇನೆ, ಈಗ ಸಾಧ್ಯವಿಲ್ಲವೆಂದೆ. ನಕ್ಕಳು. ಮರುದಿನ ಇಬ್ಬರೇ ಶ್ರೀರಂಗಪಟ್ಟಣಕ್ಕೆ ಹೋದೆವು. ದರಿಯಾ ದೌಲತ್ತಿನಲ್ಲಿ ಶಾಲೆಯ ಮಕ್ಕಳ ಸಾಲು. ಮೇಷ್ಟರು ನನ್ನ ಹಳೆಯ ಪಾಠವನ್ನೇ ಒಪ್ಪಿಸುತ್ತಿದ್ದರು. ಮಕ್ಕಳು ಮುಂದೆ ಹೋದ ಮೇಲೆ ಗೋಡೆಯ ಹತ್ತಿರ ನಿಂತೆ. ಚಿತ್ರಕಾರ ಕೆಂಪಂಗಿಯವರಿಗೆಲ್ಲ ಒಂದೇ ಅಚ್ಚಿನ, ಮೀಸೆಯಿಲ್ಲದ ಮುಖ ಬರೆದಿದ್ದಾನೆ. ಅವನನ್ನು ತಪ್ಪೆನ್ನುವಂತಿಲ್ಲ. ಎದುರಾಳಿ ಎಲ್ಲರಿಗೂ ಹಾಗೆಯೇ ಕಾಣುವುದು. ಅವರನ್ನು ಸುತ್ತುವರಿದು ನಮ್ಮವರ ಕುದುರೆಗಳು. ಈ ಕುದುರೆಯವರಲ್ಲಿ ಎಷ್ಟು ಮಂದಿ ಹತ್ತೊಂಬತ್ತು ವರ್ಷ ಬಾಳಿ, ೧೭೯೯ರಲ್ಲಿ ಕೋಟೆಯ ಗೋಡೆಯ ಮೇಲೆ ಸತ್ತರೋ! ಇಸವಿ ನನಗೆ ಗೊತ್ತು. ಗೋಡೆಯ ಮೇಲಿರುವ ಯಾರಿಗೂ ಗೊತ್ತಿಲ್ಲ.

"ಬೇಡ ಕಣ್ರಪ್ಪಾ" ಎಂದು ನನಗೆ ತಿಳಿಯದೆಯೇ ಬಾಯಿಂದ ಬಂತು.

"ಯಾರಿಗಪ್ಪ ಹೇಳಿದ್ದು? ಅವರಿಗೋ, ನಮ್ಮವರಿಗೋ?" ಎಂದಳು ಮಗಳು.

ಅಜ್ಜಿಯನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನನಗೂ ಕೂಡಲೇ ಉತ್ತರ ಹೊಳೆಯಲಿಲ್ಲ. "ನಡಿ, ಬಿಸಿಲಾಯ್ತು" ಎಂದು ಹೊರಗೆ ಬಂದೆ. ದಾರಿಯಲ್ಲಿ ಗುಂಬಜ್‌ನ ಬಳಿ ಕಾರು ನಿಲ್ಲಿಸಿ, ಇಷ್ಟು ವರ್ಷ ಹಾದುಹೋಗಿದ್ದ ಬೇಲಿಯ ಸ್ಮಾರಕವನ್ನು ಮೊದಲ ಸಲ ಸುತ್ತು ಹಾಕಿ ನೋಡಿದೆವು. ಆಮೇಲೆ ಒಳಕ್ಕೆ ಹೋಗಿ ಟಿಪ್ಪುವಿನ ಗೋರಿಯನ್ನೂ ನೋಡಿಕೊಂಡು ಬಂದೆವು.